ನೆಪ್ಚೂನ್ ದೌಂಡದಲ್ಲಿದೆ

ದೂರ ಅಳೆಯುವುದಕ್ಕೆ ನನ್ನ ಅಜ್ಜಿಯ ಹತ್ತಿರ ಮೈಲಿಯೂ ಇರಲಿಲ್ಲ, ಕಿಲೋಮೀಟರೂ ಇರಲಿಲ್ಲ. ಧಾರವಾಡದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಬಾವಿ ಕೂಗಳತೆಯಲ್ಲಿತ್ತು, ಹೊಲ ಒಂದು ಎಲೆ-ಅಡಿಕೆ ಜಗಿದು ಮುಗಿಯುವಷ್ಟು ದೂರವಿತ್ತು, ಅವಳ ತವರೂರು ಎರಡು ಹರದಾರಿ. ಆ ಎರಡು ಹರದಾರಿ ಹೋಗುವಾಗ ಚಿಕ್ಕದು, ಬರುವಾಗ ದೊಡ್ಡದು. ನಾನು ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಹೇಳಲು ನಿಂತಾಗ, ವಿಶ್ವದ ದೂರಗಳ ಪಾಠಕ್ಕೆ ನನ್ನ ಕೈಯಲ್ಲಿದ್ದ ಬಂಡವಾಳ ಇಷ್ಟೇ.

ಅದನ್ನೇ ಬಳಸಿದೆ. ಪ್ರತಿವರ್ಷ ಆ ಪಾಠ ಬಂದಾಗ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಒಬ್ಬರನ್ನು ಗೇಟಿನ ಹತ್ತಿರ, ಒಬ್ಬರನ್ನು ಹಿಂದಿನ ಗೋಡೆಯ ಹತ್ತಿರ ನಿಲ್ಲಿಸಿ, ಕೂಗಿ ಎನ್ನುತ್ತಿದ್ದೆ. ಕೂಗು ಮುಟ್ಟುವವರೆಗೆ ಊರು, ಮುಟ್ಟದ ಕಡೆಯಿಂದ ಆಕಾಶ ಶುರು ಎಂಬುದು ನನ್ನ ವ್ಯಾಖ್ಯೆ. ಪಠ್ಯಪುಸ್ತಕ ಬರೆದವರು ಕೇಳಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಮಕ್ಕಳಿಗೆ ಮಾತ್ರ ಅಂದು ಹಬ್ಬ. ಶಾಲೆಯಲ್ಲಿ ಕೂಗಬೇಡ ಎಂದು ವರ್ಷವಿಡೀ ಬೈಸಿಕೊಂಡವರಿಗೆ ಕೂಗುವುದೇ ಪಾಠವಾದರೆ ಇನ್ನೇನು ಬೇಕು? ಎದುರಿನ ಸೊಸೈಟಿಯ ಬಾಲ್ಕನಿಯಿಂದ ಒಬ್ಬ ಮರಾಠಿ ಆಜಿ ಹಣಿಕಿ ಹಾಕಿ "ಕಾಯ್ ಝಾಲಂ?", ಏನಾಯಿತು ಎಂದು ಗಾಬರಿಯಿಂದ ಕೇಳುತ್ತಿದ್ದರು. "ಕಾಹೀ ನಾಹೀ ಆಜಿ, ವಿಜ್ಞಾನ!", ಏನಿಲ್ಲ ಅಜ್ಜಿ ಎಂದು ನಾನೂ ಕೂಗಿಯೇ ಉತ್ತರಿಸುತ್ತಿದ್ದೆ.

ಆಮೇಲೆ ಬೆಳಕಿನ ವರ್ಷ. ಇಲ್ಲಿ ಎಲ್ಲ ವರ್ಷವೂ ಎಲ್ಲ ಮಕ್ಕಳೂ ಒಂದೇ ತಪ್ಪು ಮಾಡುತ್ತಾರೆ. ವರ್ಷ ಅಂದ ಮೇಲೆ ಅದು ಕಾಲ, ದೂರ ಹೇಗಾದೀತು ಎಂದು ವಾದ. ಕರಿಹಲಗೆಯ ಮೇಲೆ ಗೆರೆ ಎಳೆದು, ಬಾಣ ಹಾಕಿ, ಗಂಟಲು ಹರಿದುಕೊಂಡು ಹೇಳಿದರೂ ಪರೀಕ್ಷೆಯಲ್ಲಿ "ಒಂದು ಬೆಳಕಿನ ವರ್ಷಕ್ಕೆ ಹನ್ನೆರಡು ಬೆಳಕಿನ ತಿಂಗಳು" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ಸಿಟ್ಟು ಶಾಲೆಗೆಲ್ಲ ಗೊತ್ತು. ಆ ಉತ್ತರಪತ್ರಿಕೆ ತಿದ್ದುವ ದಿನ ಸಹೋದ್ಯೋಗಿಗಳು ನನ್ನ ಮೇಜಿನ ಹತ್ತಿರ ಸುಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಒಬ್ಬಳು ಮಾತ್ರ ಆ ತಪ್ಪು ಮಾಡಲಿಲ್ಲ. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿ. ನಾನು ಇನ್ನೂ ಬಾಣ ಎಳೆಯುತ್ತಿದ್ದಾಗಲೇ ಎದ್ದು ನಿಂತಳು.

"ಇದ್ರಾಗ ತಿಳೀಲಾರದ್ದು ಏನೈತ್ರಿ ಅಕ್ಕೋರ? ದೌಂಡ ಎಷ್ಟ ದೂರ ಅಂದ್ರ ಎರಡ ತಾಸು ಅಂತೀವಿ. ರೈಲಿನ ಎರಡ ತಾಸು. ಹಂಗ ಇದು ಬೆಳಕಿನ ಒಂದ ವರ್ಷ."

ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಅಷ್ಟು ವರ್ಷ ಆ ಪಾಠ ಮಾಡಿದ ಅಕ್ಕೋರಿಗೆ ಇಷ್ಟು ಸಲೀಸಾದ ಮಾತು ಹೊಳೆದಿರಲಿಲ್ಲ. ಅಜ್ಜಿಯ ಎಲೆ-ಅಡಿಕೆ ದೂರವೂ ಅದೇ ಅಲ್ಲವೇ ಎಂದು ಆಗ ಅನಿಸಿತು. ಅವಳ ಬೆನ್ನು ತಟ್ಟಿದೆ. ಅವಳು ಕೂತಳು, ಕೂತಲ್ಲೇ ಆಕಳಿಸಿದಳು. ದಿನಾ ಆಕಳಿಸುತ್ತಿದ್ದಳು, ಯಾಕೆಂದರೆ ನಿಜವಾಗಿಯೂ ಅವಳು ದಿನಾ ಸೋಲಾಪುರದ ದಾರಿಯಲ್ಲಿರುವ ದೌಂಡದಿಂದ ರೈಲಿನಲ್ಲಿ ಬರುತ್ತಿದ್ದಳು.

ಅವಳ ಅಪ್ಪ ಅವ್ವ ವಿಜಯಪುರದ ಕಡೆಯವರು. ಅಪ್ಪ ಪುಣೆಯ ಮಗರಪಟ್ಟಾದ ಹತ್ತಿರ ಕಟ್ಟಡದ ಕೆಲಸದಲ್ಲಿದ್ದಾಗ ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡು ಮಗಳನ್ನು ಒಂದನೆಯ ತರಗತಿಗೆ ನಮ್ಮಲ್ಲಿ ಹಾಕಿದ್ದರು. ಅವಳು ಆರನೆಯದಕ್ಕೆ ಬಂದಾಗ ಅಪ್ಪನಿಗೆ ದೌಂಡದ ಹತ್ತಿರದ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಸಂಸಾರ ದೌಂಡಕ್ಕೆ ಹೋಯಿತು. ಅಲ್ಲಿ ಕನ್ನಡ ಶಾಲೆ ಇಲ್ಲ. ಮರಾಠಿ ಶಾಲೆಯವರು, ಹುಡುಗಿಗೆ ಮಾತು ಬರುತ್ತದೆ ಆದರೆ ಬರವಣಿಗೆ ಬರುವುದಿಲ್ಲ, ಐದನೆಯದರಲ್ಲಿ ಕೂರಿಸುತ್ತೇವೆ ಎಂದರಂತೆ. ತನಗಿಂತ ಗೇಣುದ್ದ ಗಿಡ್ಡ ಇರುವ ಮಕ್ಕಳ ನಡುವೆ ತಾನು ಕೂರುವುದಿಲ್ಲ ಎಂದು ಇವಳು ಹಟ ಹಿಡಿದಳು. ಮನೆಯಲ್ಲಿ ಜೊತೆಗಿದ್ದ ಸೋದರಮಾವ ಪುಣೆಯ ಒಂದು ಕೊರಿಯರ್ ಗೋದಾಮಿಗೆ ದಿನಾ ಬೆಳಗಿನ ಗಾಡಿಗೆ ಬರುತ್ತಿದ್ದ. ಅವನ ಬೆನ್ನಿಗೆ ಇವಳೂ ಬರತೊಡಗಿದಳು. ಕತ್ತಲಲ್ಲಿ ಮನೆ ಬಿಟ್ಟು, ಕತ್ತಲಾಗುವಾಗ ಮನೆ ಮುಟ್ಟುವುದು. ಅಪ್ಪ ಆ ಗಾಡಿಯಲ್ಲಿ ಒಮ್ಮೆಯೂ ಕೂತವರಲ್ಲ, ಕಾರ್ಖಾನೆಯ ಪಾಳಿ ಅವರನ್ನು ಬಿಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮಗಳ ಶಾಲೆ ಎರಡು ತಾಸಿನ ದಾರಿ, ಅಷ್ಟೇ.

ಆ ವರ್ಷ ನನ್ನ ತರಗತಿಯಲ್ಲಿ ಎಂಟು ಗ್ರಹ ಹಂಚಿದರೆ ಇಬ್ಬರು ಉಳಿಯುವಷ್ಟು ಮಕ್ಕಳಿದ್ದರು. ಉಳಿದ ಇಬ್ಬರನ್ನು ಧೂಮಕೇತು ಮಾಡುತ್ತಿದ್ದೆ. ನಾನು ಸೇರಿದಾಗ ಇದೇ ಕೋಣೆಯಲ್ಲಿ ಬೆಂಚು ಸಾಲದೆ ಚಾಪೆ ಹಾಸುತ್ತಿದ್ದೆವು. ಧಾರವಾಡ ಬೆಳಗಾವಿಯ ಮನೆತನಗಳು ಈಗ ಮಕ್ಕಳನ್ನು ಇಂಗ್ಲಿಷಿಗೆ ಹಾಕುತ್ತವೆ, ಹಾಕಿ ನನ್ನ ಎದುರು "ಕನ್ನಡ ಉಳೀಬೇಕ್ರೀ" ಎನ್ನುತ್ತವೆ. ಉಳಿದಿರುವುದು ವಾಚ್‌ಮನ್‌ಗಳ, ಗೌಂಡಿಗಳ ಮಕ್ಕಳು. ಅಪ್ಪನ ಕೆಲಸ ಮುಗಿದ ಕಡೆಯಿಂದ ಎದ್ದು ಹೋಗುವವರು. ಹೀಗೆ ಎದ್ದು ಹೋದವರಲ್ಲಿ ಯಾರೂ ತಿರುಗಿ ಬಂದದ್ದಿಲ್ಲ. ಬಂದವಳು ಇವಳೊಬ್ಬಳೇ, ಅದೂ ದಿನಾ. ಅದಕ್ಕೇ ಇವಳನ್ನು ಕಳೆದುಕೊಳ್ಳಬಾರದು ಎಂದು ನನಗೆ ಛಲ ಬಂದಿತ್ತು.

ದಸರೆಯ ಸುಮಾರಿಗೆ ಅವಳ ಅಪ್ಪ ಫೋನು ಮಾಡಿದರು.

"ಅಕ್ಕೋರ, ದೀಪಾವಳಿ ಮಟ ಅಷ್ಟ ನೋಡ್ರಿ. ಆಮ್ಯಾಲೆ ಅಕಿ ಮಾಮಾಗ ರಾತ್ರಿ ಪಾಳಿ ಹಚ್ಯಾರ. ಕೂಸನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ?"

"ನಮ್ಮ ಮನ್ಯಾಗ ಇರ್ಲಿ ಬಿಡ್ರಿ," ಎಂದೆ. "ನಾನೂ ನಮ್ಮ ಮನಿಯವರೂ ಇಬ್ಬರ ಇದ್ದೀವಿ. ಶನಿವಾರಕ್ಕ ಊರಿಗೆ ಕಳಸ್ತೀನಿ."

"ನೀವು ದೊಡ್ಡ ಮನಸಿನವ್ರು ಖರೆ. ಆದ್ರ ಹುಡುಗಿ ದೊಡ್ಡಾಕಿ ಆಗ್ಯಾಳ್ರಿ. ಪರರ ಮನ್ಯಾಗ ಬಿಟ್ರ ನಮ್ಮ ಮಂದಿ ಸುಮ್ಕಿರ್ತಾರೇನ್ರಿ?"

ಏಳು ವರ್ಷ ಅವಳ ಮೂಗು ಒರೆಸಿದ ಶಾಲೆಯವಳು ನಾನು, ಪರರು ಎಂದದ್ದಕ್ಕೆ ಮೈಯೆಲ್ಲ ಉರಿಯಿತು. ನನ್ನ ಗಂಡ ಪೇಪರಿನ ಮರೆಯಿಂದ "ಊರ ಉಸಾಬರಿ ಎಲ್ಲಾ ನಿನಗ ಬೇಕು" ಎಂದರು. ಬೇಕಿತ್ತು, ಹೌದು.

ಮಗರಪಟ್ಟಾದ ಐಟಿ ಟವರುಗಳಲ್ಲಿ ಬೆಂಗಳೂರು ಮೈಸೂರಿನ ಕಡೆಯ ಕನ್ನಡದ ಹುಡುಗ ಹುಡುಗಿಯರ ಗುಂಪೊಂದಿದೆ. ರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಬಂದು ಬಾವುಟ ಹಾರಿಸಿ ಹೋಗುತ್ತಾರೆ. ಅಪ್ಪನಿಗೆ ಶಿಕ್ಷಕಿಯ ಮನೆ ಬೇಡವಾದರೆ, ಮನೆ ತುಂಬ ಹೆಣ್ಣುಮಕ್ಕಳಿರುವ ಯಾವುದಾದರೂ ಸಂಸಾರವಾದರೂ ಒಪ್ಪಿಗೆಯಾದೀತೇನೋ ಎಂದು ಅವರ ಮುಖಂಡನಿಗೆ ಕೇಳಿದೆ. ಬಹಳ ಒಳ್ಳೆಯ ಹುಡುಗ. "ಡೆಫಿನೆಟ್ಲಿ ಮೇಡಂ, ಗ್ರೂಪಲ್ಲಿ ಹಾಕ್ತೀನಿ, ಏನಾದ್ರೂ ಮಾಡೋಣ," ಎಂದ. ವಾರದ ಮೇಲೆ ತಾನೇ ಕಾರು ತೆಗೆದುಕೊಂಡು ಬಂದ. "ಅಕಾಮೊಡೇಷನ್ ಸ್ವಲ್ಪ ಕಷ್ಟ ಆಯ್ತು ಮೇಡಂ, ಎಲ್ರೂ ಟೂ ಬಿಎಚ್‌ಕೆ. ಬಟ್ ನೀವು ಆಸ್ಟ್ರಾನಮಿ ಹೇಳ್ಕೊಡ್ತೀರಿ ಅಂತ ಗೊತ್ತಾಯ್ತಲ್ಲ..." ಎನ್ನುತ್ತ ಡಿಕ್ಕಿಯಿಂದ ಉದ್ದನೆಯ ಪೆಟ್ಟಿಗೆ ಇಳಿಸಿದ. ಒಳಗೆ ದೂರದರ್ಶಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಂತು. ಅದರಲ್ಲಿ ಶನಿಯ ಬಳೆ ನಿಜಕ್ಕೂ ಚೆಂದ ಕಾಣುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಕತ್ತಲಾದ ಮೇಲೆ ಕಾಣುತ್ತಿತ್ತು. ಇವಳು ಬೆಳಕಿರುವಾಗಲೇ ಸ್ಟೇಷನ್ನಿಗೆ ಓಡಬೇಕು. ತರಗತಿಯ ಎಲ್ಲರೂ ಶನಿಯನ್ನು ನೋಡಿದರು, ಇವಳು ಹಗಲಲ್ಲಿ ಎದುರು ಸೊಸೈಟಿಯ ನೀರಿನ ಟ್ಯಾಂಕು ನೋಡಿದಳು.

ದಾರಿ ಸಿಕ್ಕದ್ದು ಅವಳ ರೈಲಿನಲ್ಲೇ. ಅದೇ ಬೆಳಗಿನ ಗಾಡಿಯ ಹೆಂಗಸರ ಡಬ್ಬಿಯಲ್ಲಿ ದೌಂಡದಿಂದ ಪುಣೆಗೆ ಒಬ್ಬ ನರ್ಸಬಾಯಿ ದಿನಾ ಬಂದು ಸಂಜೆಯ ಗಾಡಿಗೆ ತಿರುಗಿ ಹೋಗುತ್ತಿದ್ದರು. ಮರಾಠಿಯವರು, ಗಟ್ಟಿ ಹೆಂಗಸು. ಸ್ಟೇಷನ್ನಿಗೆ ಹೋಗಿ ಭೇಟಿಯಾಗಿ ವಿಷಯ ಹೇಳಿದೆ. ಅವರು ಎರಡನೆಯ ಮಾತು ಆಡಲಿಲ್ಲ. "ಮಾಝ್ಯಾ ಬಾಜೂಲಾ ಬಸೇಲ್" ಎಂದರು, ನನ್ನ ಪಕ್ಕ ಕೂರುತ್ತಾಳೆ. ಅವರ ನೌಕರಿ ಇನ್ನೂ ಬಹಳ ವರ್ಷವಿತ್ತು, ಹುಡುಗಿಯ ಹತ್ತನೆಯ ತರಗತಿ ಅದರೊಳಗೆ ಮುಗಿಯುತ್ತಿತ್ತು. ಬೇಕಾಗಿದ್ದದ್ದು ಅಪ್ಪನ ಒಂದು ಹೂಂ ಮಾತ್ರ. ಫೋನಿನಲ್ಲಿ ಕೇಳಿದರೆ ಇಲ್ಲ ಅನ್ನುವುದು ಸುಲಭ. ಶಾಲೆಯೇ ಅವರ ಊರಿಗೆ ಹೋಗಿ ಕೇಳಬೇಕು ಎಂದು ನಾನು ನಿಶ್ಚಯಿಸಿದೆ.

ಹಾಗಾಗಿ ಸೌರಮಂಡಲವನ್ನು ರೈಲಿಗೆ ಹತ್ತಿಸಿದೆ. ಪುಣೆ ಸ್ಟೇಷನ್ ಸೂರ್ಯ, ದೌಂಡ ನೆಪ್ಚೂನ್ ಎಂದು ಇಟ್ಟುಕೊಂಡರೆ ನಡುವಿನ ಗ್ರಹಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಆ ಅಳತೆಗೆ ಸೂರ್ಯ ಏಳು ಮಹಡಿ ಎತ್ತರ, ಭೂಮಿ ಒಂದು ಫುಟ್‌ಬಾಲು. ಗುರುಗ್ರಹ ಡಬ್ಬಿಯ ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ನನ್ನ ಹಳೆಯ ಕೇಸರಿ ಸೀರೆಯಿಂದ ಗುಂಡಗೆ ಹೊಲಿದು ಮಡಚಿಟ್ಟೆವು. ನೆಪ್ಚೂನನ್ನು ರಟ್ಟಿನಲ್ಲಿ ದೊಡ್ಡ ಪರಾತದಷ್ಟು ಅಗಲ ಕತ್ತರಿಸಿ ನೀಲಿ ಹಚ್ಚಿದವಳು ಅವಳೇ. ನನ್ನ ಊರಿನ ಗ್ರಹ, ನಾನೇ ಮಾಡುವವಳು ಎಂದು ಯಾರಿಗೂ ಕುಂಚ ಕೊಡಲಿಲ್ಲ. ಅದನ್ನು ಶುಕ್ರವಾರವೇ ಮನೆಗೆ ಒಯ್ದಳು.

ದೀಪಾವಳಿ ಸೂಟಿಗೆ ಇನ್ನೂ ನಾಲ್ಕು ದಿನವಿದ್ದಾಗ, ಶನಿವಾರ ಹೊರಟೆವು. ಬುಧ, ಶುಕ್ರ, ಭೂಮಿ ಎಂದು ಎಣಿಸುವುದರೊಳಗೆ ಘೋರಪಡಿ ಬಂತು. ಮಂಗಳ ಮುಗಿದ ಮೇಲೆ ಮಕ್ಕಳು ಕಿಟಕಿಗೆ ಮುಖ ಒತ್ತಿ ಕೂತರು. ಹಡಪಸರ ಹೋಯಿತು, ಏನೂ ಇಲ್ಲ. ಮಾಂಜರಿಗೆ ಗುರು ಬಂದಾಗ ಸೀರೆ ಬಿಚ್ಚಿ ಡಬ್ಬಿಯ ತುಂಬ ಹರಡಿದರು. ಕಬ್ಬಿನ ವ್ಯಾಪಾರದ ಯಜಮಾನರೊಬ್ಬರು ಅದರ ಅಡಿಯಿಂದ ತಲೆ ಹೊರಗೆ ಹಾಕಿ ನಕ್ಕರು. ಲೋಣಿ ದಾಟಿ ಉರುಳಿಗೆ ಮುಂಚೆ ಶನಿ. ಆಮೇಲೆ ಯವತ ಬಂದು ಹೋಗುವವರೆಗೆ ಬರೀ ಕಬ್ಬು, ಬರೀ ಬಯಲು. "ಅಕ್ಕೋರ, ಇನ್ನೂ ಎಷ್ಟ್ ಖಾಲಿ ಅದರೀ?" ಎಂದು ಒಬ್ಬ ಬೇಸರದಿಂದ ಕೇಳಿದ. ನಾನು ಇಷ್ಟು ವರ್ಷದಲ್ಲಿ ಹೇಳಿಕೊಡಲಾರದೆ ಹೋದದ್ದು ಆ ಖಾಲಿಯೇ. ಪುಸ್ತಕದ ಚಿತ್ರದಲ್ಲಿ ಗ್ರಹಗಳೆಲ್ಲ ಪಂಕ್ತಿಯೂಟಕ್ಕೆ ಕೂತವರಂತೆ ಒತ್ತೊತ್ತಾಗಿರುತ್ತವೆ. ನಿಜವಾಗಿ ಇರುವುದು ಹೀಗೆ, ಒಂದು ಮತ್ತು ಇನ್ನೊಂದು, ನಡುವೆ ಯಾರೂ ಇಲ್ಲ.

ಸೂರ್ಯನ ಬೆಳಕು ನೆಪ್ಚೂನ್ ಮುಟ್ಟಲು ನಾಲ್ಕು ತಾಸು ಬೇಕು ಎಂದಾಗ ಧೂಮಕೇತುಗಳಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು. "ಹಂಗಾರ ನಮ್ಮ ಗಾಡೀನ ಫಾಸ್ಟ್!" ಡಬ್ಬಿಗೆ ಡಬ್ಬಿಯೇ ನಕ್ಕಿತು, ನಾನೂ ನಕ್ಕೆ.

ದೌಂಡದ ಪ್ಲಾಟ್‌ಫಾರ್ಮಿನಲ್ಲಿ ಅವಳು ನೀಲಿ ರಟ್ಟನ್ನು ಎದೆಗೆ ಹಿಡಿದು ನಿಂತಿದ್ದಳು. ಶಾಲೆಯ ಸಮವಸ್ತ್ರ, ಎರಡು ಜಡೆ, ರಿಬ್ಬನ್ನು. ಪಕ್ಕದಲ್ಲಿ ಅಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಮಕ್ಕಳಿಗಾಗಿ ಅವ್ವ ಕಳಿಸಿದ ಒಗ್ಗರಣೆ ಚುರುಮುರಿಯ ಡಬ್ಬ. ರಜೆ ಹಾಕಿ ಬಂದಿದ್ದರು. ಅಂದು ರಜೆಯಿದ್ದ ನರ್ಸಬಾಯಿಯೂ ಬಂದಿದ್ದರು. ನಾನು ಪರಿಚಯ ಮಾಡಿಸಿದೆ, ಆಕೆ ನೇರವಾಗಿ ಮಾತಾಡಿದರು, ಅಪ್ಪ ಕೈಮುಗಿದು ಕೇಳಿದರು. ಹುಡುಗಿ ಉಗುರು ಕಚ್ಚುತ್ತ ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

"ಆತ್ರಿ ಹಂಗಾರ," ಎಂದರು ಅಪ್ಪ. "ಹತ್ತನೇತ್ತ ಮಟ ಕಲೀಲಿ. ನೀವು ಇಷ್ಟ ಮಂದಿ ಊರ ಮಟ ಬಂದೀರಿ, ಹೆಂಗ ಒಲ್ಲೆ ಅನ್ಲಿ?"

ಅವಳು ಜಿಗಿಯಲಿಲ್ಲ, ಕೂಗಲಿಲ್ಲ. ರಟ್ಟಿನ ಹಿಂದೆ ಮುಖ ಮುಚ್ಚಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ನರ್ಸಬಾಯಿ ಮನೆಯಲ್ಲಿ ಕೆಲಸವಿದೆ ಎಂದು ಹೋದರು. ಅಲ್ಲಿಗೆ ಚುರುಮುರಿ ತಿಂದು ಮುಂದಿನ ಗಾಡಿ ಹಿಡಿಯಬಹುದಿತ್ತು. ಆದರೆ ಅಪ್ಪನಿಗೂ ಪಾಠ ತೋರಿಸಬೇಕೆಂದು ಮಕ್ಕಳು ಕುಣಿದರು. ಅದಕ್ಕಾಗಿಯೇ ತಯಾರಾಗಿ ಬಂದಿದ್ದರು. ನನಗೂ ಅಂದು ಯಾವುದಕ್ಕೂ ಬೇಡ ಅನ್ನುವ ಮನಸ್ಸಿರಲಿಲ್ಲ. ಹಳದಿ ಗೆರೆ ದಾಟಬಾರದು ಎಂಬ ಷರತ್ತಿನ ಮೇಲೆ ಸ್ಟೇಷನ್ ಮಾಸ್ತರರೂ ಒಪ್ಪಿದರು.

ರೈಲಿನಲ್ಲಿ ಮಾಡಿದ್ದನ್ನೇ ಪ್ಲಾಟ್‌ಫಾರ್ಮಿನ ಉದ್ದಕ್ಕೆ ಚಿಕ್ಕದಾಗಿ ಮಾಡುವುದು. ಒಂದು ತುದಿಗೆ ಸೂರ್ಯ, ಇನ್ನೊಂದು ತುದಿಗೆ ನೆಪ್ಚೂನ್.

"ಸೂರ್ಯ ನೀವ ಆಗ್ರಿ," ಎಂದೆ ಅಪ್ಪನಿಗೆ.

ಅವರು ನಾಚಿಕೊಂಡರು. "ಸೂರ್ಯ ಏನ್ ಮಾಡ್ಬೇಕ್ರಿ?"

"ಏನೂ ಮಾಡೂದಿಲ್ಲ. ನಿಂತಲ್ಲೆ ನಿಂತು ಎಲ್ಲಾರ್ನೂ ಹಿಡಕೊಂಡಿರೂದು."

ಅವರು ಅಂಗಿಯ ತೋಳು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಬುಧ ಶುಕ್ರ ಅವರ ಕಾಲ ಬುಡದಲ್ಲೇ, ಭೂಮಿ ನೀರಿನ ನಳದ ಹತ್ತಿರ, ಗುರು ಚಹಾದ ಅಂಗಡಿಯ ಮುಂದೆ, ಶನಿ ಅದರಾಚೆ. ಯುರೇನಸ್ ಸಣ್ಣಗೆ ಕಾಣುತ್ತಿತ್ತು. ನೆಪ್ಚೂನ್ ನಡೆದು ನಡೆದು, ಛಾವಣಿ ಮುಗಿದು ಬಿಸಿಲು ಬಿದ್ದ ಕಡೆ ಹೋಗಿ ನಿಂತಿತು. ಅಲ್ಲಿಂದ ಅವಳು ರಟ್ಟು ಎತ್ತಿ ತೋರಿಸಿದಳು. ಒಂದು ನೀಲಿ ಚುಕ್ಕೆ.

"ಈಗ ಒಬ್ಬೊಬ್ಬರ್ನ ಕರೀರಿ. ಕೇಳಿಸಿದವ್ರು ಕೈ ಎತ್ತತಾರ."

ಅವರು ಹುರುಪಿನಿಂದ ಕರೆದರು. ಬುಧ ಕೈ ಎತ್ತಿತು, ಭೂಮಿ ಎರಡೂ ಕೈ ಎತ್ತಿ ಕುಣಿಯಿತು. ಗುರುವಿಗೆ ಕೇಳಿಸಿತು. ಶನಿಗೆ ಎರಡು ಸಲ ಕರೆಯಬೇಕಾಯಿತು, ಯುರೇನಸ್ಸಿಗೆ ಬಾಯಿಗೆ ಅಂಗೈ ಕೊಟ್ಟು ಕೂಗಬೇಕಾಯಿತು. ಜನ ನಿಂತು ನೋಡುತ್ತಿದ್ದರು. ಕೊನೆಗೆ ಅವರು ಉಸಿರು ಎಳೆದುಕೊಂಡು ಮಗಳ ಹೆಸರು ಹಿಡಿದು ಕೂಗಿದರು.

ಆ ಹೊತ್ತಿಗೆ ಸೋಲಾಪುರದ ಕಡೆಯಿಂದ ಗೂಡ್ಸ್ ಗಾಡಿ ಬಂತು. ಪಕ್ಕದ ಹಳಿಯ ಮೇಲೆ, ನಿಲ್ಲದೆ, ಮುಗಿಯದೆ ಹೋಗುತ್ತಲೇ ಇತ್ತು. ಅವಳು ನಮ್ಮ ಕಡೆ ಬೆನ್ನು ಮಾಡಿ ಗಾಡಿ ನೋಡುತ್ತ ನಿಂತಳು. ಅಪ್ಪ ಮತ್ತೆ ಕೂಗಿದರು. ಮತ್ತೂ ಕೂಗಿದರು. ಅಲ್ಲಿ ತುದಿಯ ಕಲ್ಲಿನ ಬೆಂಚಿನ ಮೇಲೆ ಇಬ್ಬರು ಯುವಕರು ಕೂತಿದ್ದರು. ಒಬ್ಬ ಎದ್ದು ಅವಳ ಕಡೆ ನಡೆದ. ಆ ನೀಲಿ ರಟ್ಟು ಏನೆಂದು ಕೇಳಲು ಹೋದನೋ ಏನೋ, ಯಾರಿಗೆ ಗೊತ್ತು. ಅಪ್ಪನ ಕೂಗು ಬದಲಾಯಿತು. ಅದು ಪಾಠದ ಕೂಗಾಗಿ ಉಳಿಯಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಆಮೇಲೆ ಅವರು ಓಡತೊಡಗಿದರು.

ಮಕ್ಕಳು ಜಾಗ ಬಿಡಬಾರದು ಎಂದು ನಾನೇ ಹೇಳಿದ್ದೆ, ಯಾರೂ ಬಿಡಲಿಲ್ಲ. ಸೂರ್ಯ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಾಟಿ ಓಡಿದ. ಯುವಕ ಅವರನ್ನು ನೋಡಿ ಹಿಂದೆ ಸರಿದ. ಗಾಡಿ ಮುಗಿದಾಗ ಅವರು ಮಗಳ ರಟ್ಟೆ ಹಿಡಿದುಕೊಂಡು ತಿರುಗಿ ಬರುತ್ತಿದ್ದರು. ಅವಳಿಗೆ ಏನಾಯಿತೆಂದೇ ಗೊತ್ತಿರಲಿಲ್ಲ. ನಗುತ್ತಲೇ ಬರುತ್ತಿದ್ದಳು, ಹತ್ತಿರ ಬಂದಂತೆ ನಗು ನಿಂತಿತು.

"ಸಾಕ್ರಿ ಅಕ್ಕೋರ," ಎಂದರು ಅವರು, ಏದುಸಿರು ಬಿಡುತ್ತ.

"ಗೂಡ್ಸ್ ಗಾಡಿ ಬಂತ್ರಿ, ಅದಕ್ಕ ಕೇಳಿಸ್ಲಿಲ್ಲ. ಇದು ಬರೇ ಪಾಠ..."

"ನಾ ಎರಡ ತಾಸು ಅಂತ ತಿಳಕೊಂಡಿದ್ದೆ. ದಿನಾ ಹೋಗ್ತಾಳ, ಬರ್ತಾಳ, ಎರಡ ತಾಸು. ಇದು ದೂರ ಐತ್ರಿ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನ ಕೈ ಕಟ್ಟಿಹಾಕಿತು. "ಇಲ್ಲೆ ಕಣ್ಣಿಗೆ ಕಾಣಾಕತ್ತಿದ್ಲು. ಕಣ್ಣಿಗೆ ಕಂಡ್ರೂ ನಾ ಕೂಗಿದ್ದು ಮುಟ್ಟಲಿಲ್ಲ. ಕಾಣಲಾರದಲ್ಲಿ ಏನಾರ ಆದ್ರ ನಾ ಯಾರ್ನ ಕೂಗ್ಲಿ?"

ನರ್ಸಬಾಯಿಯ ಹೆಸರು ಹೇಳಿದೆ. ಹೆಂಗಸರ ಡಬ್ಬಿ ಎಂದೆ. ಫೋನು ಎಂದೆ. ಐದನೆಯ ತರಗತಿಯಲ್ಲಿ ಕೂರಿಸಿದರೆ ಹುಡುಗಿ ಓದು ಬಿಡುತ್ತಾಳೆ ಎಂದೂ ಹೇಳಿದೆ. ಅವರು ಎಲ್ಲಕ್ಕೂ ತಲೆಯಾಡಿಸಿ, "ನೀವ ತೋರಿಸಿದ್ರಲ್ರಿ," ಎಂದರು. ನಾನು ತೋರಿಸಿದ್ದು ಸರಿಯಾಗಿಯೇ ಇತ್ತು. ದೂರ ಇರುವುದು ಅಷ್ಟೇ.

ಗಾಡಿ ಬರುವವರೆಗೆ ಎಲ್ಲರೂ ಚುರುಮುರಿ ತಿಂದೆವು. ಅವರೇ ಮಕ್ಕಳ ಕೈಗೆ ಹಾಕಿಕೊಟ್ಟರು, ನನಗೆ ಚಹಾ ತರಿಸಿದರು. ನಾವು ಹತ್ತಿ ಕೂತ ಮೇಲೆ ಹುಡುಗಿ ಕಿಟಕಿಯ ಸರಳು ಹಿಡಿದು ಕೇಳಿದಳು.

"ಅಕ್ಕೋರ, ನಕ್ಷತ್ರದ್ದು ಉಳೀತಲ್ರಿ?"

ಹತ್ತಿರದ ನಕ್ಷತ್ರ ನಮ್ಮ ರೈಲಿನ ಅಳತೆಗೆ ಎಲ್ಲಿ ಬೀಳುತ್ತದೆ ಎಂದು ತಿರುಗಿ ಬರುವಾಗ ಹೇ‌ಳುತ್ತೇನೆ ಎಂದು ತರಗತಿಗೆ ಮಾತು ಕೊಟ್ಟಿದ್ದೆ.

"ಸೋಮವಾರ ಹೇಳ್ತೀನಿ," ಎಂದೆ. ಅವಳು ಆಗಲಿ ಎಂದಳು. ಗಾಡಿ ಬಿಟ್ಟಿತು.

ಸೋಮವಾರ ಹೇಳಿದೆ. ಪುಣೆಯಲ್ಲಿ ಸೂರ್ಯ, ದೌಂಡದಲ್ಲಿ ನೆಪ್ಚೂನ್ ಇದ್ದರೆ ಅತಿ ಹತ್ತಿರದ ನಕ್ಷತ್ರ ಈ ಭೂಮಿಯ ಮೇಲೆ ಎಲ್ಲಿಯೂ ಹಿಡಿಸುವುದಿಲ್ಲ. ನಿಜವಾದ ಚಂದ್ರನನ್ನೂ ದಾಟಿ, ಇನ್ನೂ ಹತ್ತಿರ ಹತ್ತಿರ ಅಷ್ಟೇ ದೂರ ಹೋಗಬೇಕು. "ಅದು ಹತ್ತಿರದ್ದೇನ್ರಿ?" ಎಂದು ಒಬ್ಬ ಕೇಳಿದ. ಕಿಟಕಿಯ ಪಕ್ಕದ ಅವಳ ಖಾಲಿ ಜಾಗದಲ್ಲಿ ಧೂಮಕೇತು ಬಂದು ಕೂತಿತ್ತು, ಗಾಳಿ ಬರುತ್ತದೆ ಎಂದು. ನಕ್ಷತ್ರ ನೋಡಿದರೆ ನಮ್ಮ ದುಃಖ ಚಿಕ್ಕದಾಗುತ್ತದೆ ಎನ್ನುವವರಿದ್ದಾರೆ. ನನಗೆ ಒಮ್ಮೆಯೂ ಹಾಗಾಗಿಲ್ಲ. ಅಷ್ಟು ದೊಡ್ಡ ಖಾಲಿಯಲ್ಲಿ ಎರಡು ತಾಸಿನ ದಾರಿಯನ್ನೂ ಒಂದು ಮಗುವಿಗೆ ಉಳಿಸಿಕೊಡಲು ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಸೂಟಿ ಮುಗಿದ ಮೇಲೆ ಮಾವ ಬಂದು ಶಾಲೆ ಬಿಟ್ಟ ದಾಖಲೆ ಒಯ್ದ. ದೌಂಡದಲ್ಲಿ ಅವಳನ್ನು ಐದನೆಯ ತರಗತಿಗೇ ಹಾಕಿದರು. ಸಂಕ್ರಾಂತಿಯವರೆಗೆ ಹೋದಳಂತೆ. ಆಮೇಲೆ ಅವ್ವ ಕಾರ್ಖಾನೆಯ ಕೂಲಿಯವರಿಗೆ ಊಟದ ಡಬ್ಬಿ ಕಟ್ಟಿಕೊಡುವುದನ್ನು ಶುರುಮಾಡಿದಳು, ಇವಳು ರೊಟ್ಟಿಗೆ ನಿಂತಳು. ಈ ವರ್ಷ ನನ್ನ ತರಗತಿಯಲ್ಲಿ ಗ್ರಹ ಹಂಚಲು ಸಾಲುವಷ್ಟೂ ಮಕ್ಕಳಿಲ್ಲ. ದೂರದರ್ಶಕ ಕಪಾಟಿನ ಮೇಲಿದೆ. ಕೂಗುವ ಪಾಠ ಬಿಟ್ಟಿದ್ದೇನೆ. ಬಾಲ್ಕನಿಯ ಆಜಿ ಒಂದು ದಿನ ಗೇಟಿನ ಹತ್ತಿರ ಸಿಕ್ಕಾಗ, ವಿಜ್ಞಾನ ನಿಂತುಹೋಯಿತೇ ಎಂದು ವಿಚಾರಿಸಿದರು.

ಮೊನ್ನೆ ಆ ಪಾಠ ಬಂದ ದಿನ ಸಂಜೆ ತಡೆಯಲಾರದೆ ಅವಳ ಅಪ್ಪನ ನಂಬರಿಗೆ ಫೋನು ಹಚ್ಚಿದೆ. ಅವಳೇ ಎತ್ತಿದಳು. ಧ್ವನಿ ಅಷ್ಟು ಸ್ಪಷ್ಟ, ಎರಡನೆಯ ಸಾಲಿನಿಂದ ಎದ್ದು ಮಾತಾಡಿದ ಹಾಗೆ. ಆರಾಮ ಅದಿಯೇನವ್ವ ಎಂದೆ. ಆರಾಮ ಅದೀನ್ರಿ, ನೀವು ಆರಾಮ ಅದೀರೇನ್ರಿ ಎಂದಳು.

"ನಕ್ಷತ್ರ ಎಲ್ಲಿ ಬಂತ್ರಿ ಅಕ್ಕೋರ?" ಎಂದು ಅವಳೇ ಕೇಳಿದಳು.

"ಹೇಳ್ತೀನಿ ಕೇಳು. ಪುಣೇದಾಗ ಸೂರ್ಯ ಇಟ್ವಿ. ದೌಂಡದಾಗ ನೀ ಇದ್ದಿ. ಅಲ್ಲಿಂದ ಮುಂದ..."

ಆ ಕಡೆಯಿಂದ ಅವ್ವ ಏನೋ ಕೂಗಿದ್ದು ಕೇಳಿಸಿತು.

"ಅಕ್ಕೋರ," ಎಂದಳು, "ಹಂಚಿನ ಮ್ಯಾಲೆ ರೊಟ್ಟಿ ಹತ್ತಾಕತ್ತೈತ್ರಿ. ಇಡ್ಲೇನ್ರಿ?"

ನಾನು ಹೇಳುವವರೆಗೂ ಅವಳು ಫೋನು ಇಡುವವಳಲ್ಲ, ಹಾಗೆ ಕಲಿಸಿದ್ದೆವು. ರೊಟ್ಟಿ ಸೀದುಹೋಗುವ ಹೊತ್ತಿನಲ್ಲೂ ಕಾಯುತ್ತಿದ್ದಳು.

"ಇಡವ್ವಾ," ಎಂದೆ.